ಗಾಳದ ಸೆಟ್ಟಿಗೆ 25 ಸಾವಿರ ಹಾಕಬೇಕಾ, ಐದಾರು ಸಾವಿರ ಸಾಕಾ?

ಕೆರೆಏರಿ_ಮಂಡ್ಯ

ಎಲ್ಲರಿಗೂ ನಮಸ್ಕಾರ. ನನ್ನ ಹತ್ರ ಈಗಿರೋದು 900 ರೂಪಾಯಿ ಸೆಟ್ಟು: ಒಂದರೊಳಗೊಂದು ಸೇರಿಕೊಳ್ಳೋ 7 ಅಡಿ ಕೋಲು, ಅದರ ಜೊತೆ ಬಂದ ರೀಲು, ರೀಲಿನ ಮೇಲೇ ಸುತ್ತಿಕೊಂಡು ಬಂದ ತಂಗೂಸು. ತೊಂದರೆ ಮೂರು. ಹಿಡಿಕೆ ಲೊಡಲೊಡ ಅಲ್ಲಾಡುತ್ತೆ. ಡ್ರ್ಯಾಗ್ ತಿರುಪನ್ನ (ಮೀನು ಎಳೆದಾಗ ರೀಲು ಎಷ್ಟು ಬಿಗಿಗೆ ದಾರ ಬಿಡಬೇಕು ಅಂತ ಹೊಂದಿಸೋದು) ಕಾಲು ಸುತ್ತು ತಿರುಗಿಸಿದ್ರೆ ಪೂರ್ತಿ ಬಿಗಿ, ಕಾಲು ಸುತ್ತು ಬಿಟ್ರೆ ಪೂರ್ತಿ ಸಡಿಲ, ನಡುವೆ ಏನೂ ಇಲ್ಲ. ದಾರ ಯಾವಾಗಲೂ ಕೊಕ್ಕೆಯಿಂದ ಒಂದೆರಡು ಮೀಟರ್ ಮೇಲೆ ತುಂಡಾಗುತ್ತೆ, ಗಂಟಲ್ಲಿ ಅಲ್ಲ.

ಮೀನು ಹಿಡಿಯೋದು ಸಂಘದವರು ಅನುಮತಿ ಕೊಡೋ ಕೆರೆಗಳಲ್ಲಿ. ಕಾಟ್ಲಾ, ರೋಹು, ಗೆಂಡೆ, ಆಗಾಗ ಕೊರವ. ವರ್ಷಕ್ಕೆ ಎರಡು ಮೂರು ಸಲ ಕುಂದಾಪುರದ ಅಳಿವೆ ಕಡೆ. ಅಂಗಡಿಯವರು 14 ಸಾವಿರದ ರೀಲು, 8 ಸಾವಿರದ ಕಾರ್ಬನ್ ಕೋಲು, 3 ಸಾವಿರಕ್ಕೆ ಹೆಣೆದ ದಾರ ಮತ್ತು ಕೃತಕ ಮೀನುಗಳು ಅಂತ ಪಟ್ಟಿ ಕೊಟ್ಟಿದ್ದಾರೆ. ಇಷ್ಟು ಹಾಕಿದ್ರೆ ಅಷ್ಟು ವ್ಯತ್ಯಾಸ ನಿಜವಾಗ್ಲೂ ಇರುತ್ತಾ? ಇರೋದಾದ್ರೆ ಯಾವ ಭಾಗದಲ್ಲಿ?

ಇನ್ನೊಂದು ವಿಷಯ. ಚಿಕ್ಕಪ್ಪನ ಮಗ ದೂರದರ್ಶಕ ಕೂರಿಸಿದ ಏರ್‌ಗನ್ ತಗೋಬೇಕು ಅಂತಿದ್ದಾನೆ, ಮೊಲಕ್ಕೆ, ಕಾಡುಕೋಳಿಗೆ. ಅದಕ್ಕೆ ದುಡ್ಡು ಹಾಕಬಹುದಾ?

ಬೆಂಡು_ಮುಳುಗ್ತು

ಕೆರೆ ಮೀನಿಗೆ 25 ಸಾವಿರ ಬೇಡ ಸರ್. ಹಾಗಂತ 900ರ ಸೆಟ್ಟೂ ಬೇಡ. ದುಡ್ಡು ಹಾಕೋದನ್ನ ಮೀನಿನ ಬಾಯಿಂದ ಶುರುಮಾಡಿ ನಿಮ್ಮ ಕೈ ಕಡೆಗೆ ಬನ್ನಿ: ಮೊದಲು ಕೊಕ್ಕೆ, ಆಮೇಲೆ ಗಂಟು, ದಾರ, ಉಂಗುರ, ಡ್ರ್ಯಾಗು, ಎಲ್ಲಕ್ಕಿಂತ ಕೊನೆಗೆ ಕೋಲು. ನಿಮಗೆ ಕೊಟ್ಟಿರೋ ಪಟ್ಟಿ ಇದಕ್ಕೆ ಪೂರ್ತಿ ಉಲ್ಟಾ ಇದೆ. ಅದರಲ್ಲಿ ಕೊಕ್ಕೆಯ ಹೆಸರೇ ಇಲ್ಲ.

ಕೊಕ್ಕೆ ಪರೀಕ್ಷೆ ಅಂಗಡಿಯಲ್ಲೇ ಮಾಡಿ. ಮೊನೆಯನ್ನ ಹೆಬ್ಬೆರಳ ಉಗುರಿನ ಮೇಲೆ ಒತ್ತದೆ ಇಟ್ಟು ಮೆಲ್ಲಗೆ ಎಳೀರಿ. ಗೀರಿ ಅಲ್ಲೇ ಕಚ್ಚಿ ನಿಂತ್ರೆ ಚೂಪು, ಜಾರಿ ಹೋದ್ರೆ ಮೊಂಡು. ಐವತ್ತಕ್ಕೆ ನೂರು ಅಂತ ಸಿಗೋ ಕೊಕ್ಕೆಗಳಲ್ಲಿ ಅರ್ಧಕ್ಕರ್ಧ ಜಾರುತ್ವೆ. ಮಸ್ಟಾಡ್, ಓನರ್, ಗಮಕಾಟ್ಸು, ಇವುಗಳಲ್ಲಿ ಯಾವುದಾದ್ರೂ ಒಂದು ಪೊಟ್ಟಣ ಸಾಕು. ರೋಹು, ಗೆಂಡೆಗೆ 4ರಿಂದ 6ನೇ ನಂಬರು, ದೊಡ್ಡ ಕಾಟ್ಲಾಗೆ 1 ಅಥವಾ 1/0. ನೆನಪಿರಲಿ, 1, 4, 6 ಅಂತ ಬರೀ ನಂಬರಿದ್ರೆ ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದು, 1/0, 2/0 ಅಂತ ಇದ್ರೆ ಹೆಚ್ಚಿದಷ್ಟೂ ದೊಡ್ಡದು. ಆನ್‌ಲೈನ್‌ನಲ್ಲಿ ತರಿಸೋರು ತಪ್ಪೋದೇ ಇಲ್ಲಿ.

ಈಗ ನಿಮ್ಮ ದಾರ ತುಂಡಾಗೋ ವಿಷಯ. ಗಂಟಲ್ಲಿ ಕಿತ್ತರೆ ಗಂಟಿನ ತಪ್ಪು. ಕೊಕ್ಕೆಯಿಂದ ಒಂದೆರಡು ಮೀಟರ್ ಮೇಲೆ ಕಿತ್ತರೆ ಉಂಗುರದ ತಪ್ಪು, ಯಾಕಂದ್ರೆ ಎಸೆಯೋಕೆ ಮುಂಚೆ, ಮೀನು ದಡಕ್ಕೆ ಬಂದಾಗ, ಆ ಅಳತೆಯ ದಾರವೇ ತುದಿಯ ಉಂಗುರಗಳಲ್ಲಿ ಕೂತಿರುತ್ತೆ. ಒಂದಿಷ್ಟು ಹತ್ತಿ ತಗೊಂಡು ಎಲ್ಲಾ ಉಂಗುರದ ಒಳಗೂ ಒಂದು ಸುತ್ತು ಒರೆಸಿ. ಎಳೆ ಸಿಕ್ಕಿಹಾಕಿಕೊಂಡ ಕಡೆ ಬಿರುಕು ಇದೆ. ಕಣ್ಣಿಗೆ ಕಾಣದ ಕೂದಲೆಳೆ ಬಿರುಕೂ ಹತ್ತಿಗೆ ಸಿಗುತ್ತೆ. ಅಗ್ಗದ ಕೋಲಲ್ಲಿ ಬರೀ ತಂತಿಯ ಉಂಗುರಕ್ಕೆ ಹೊಳಪು ಕೊಟ್ಟಿರ್ತಾರೆ, ಇಲ್ಲ ಒಳಗಿನ ಪಿಂಗಾಣಿ ಬಳೆಯನ್ನ ಗಮ್ಮಿನಲ್ಲಿ ಅಂಟಿಸಿರ್ತಾರೆ. ಬಳೆ ಬಿದ್ದುಹೋದ್ರೆ ಉಳಿಯೋದು ಅಂಚು, ಅದು ಬ್ಲೇಡಿನ ಕೆಲಸ ಮಾಡುತ್ತೆ.

ಡ್ರ್ಯಾಗು ನೋಡೋಕೆ ಲಗೇಜ್ ತೂಗೋ ಡಿಜಿಟಲ್ ತಕ್ಕಡಿ ಸಾಕು. ದಾರವನ್ನ ಎಲ್ಲಾ ಉಂಗುರಗಳ ಮೂಲಕ ಹಾಯಿಸಿ, ತುದಿಯನ್ನ ತಕ್ಕಡಿಗೆ ಕಟ್ಟಿ, ಕೋಲನ್ನ 45 ಡಿಗ್ರಿ ಎತ್ತಿ ಹಿಡಿದು, ಇನ್ನೊಬ್ಬರಿಗೆ ತಕ್ಕಡಿ ಹಿಡಿದು ನಿಧಾನಕ್ಕೆ ಹಿಂದೆ ನಡೆಯೋಕೆ ಹೇಳಿ. ದಾರ ಮುರಿಯೋ ತೂಕದ ಕಾಲು ಭಾಗಕ್ಕೆ ರೀಲು ದಾರ ಬಿಡೋಕೆ ಶುರುಮಾಡಬೇಕು. 8 ಕೆ.ಜಿ. ದಾರ ಆದ್ರೆ 2 ಕೆ.ಜಿ.ಗೆ, ಹೆಚ್ಚೆಂದ್ರೆ ಎರಡೂವರೆಗೆ. ಇಲ್ಲಿ ಕಣ್ಣಿಡಬೇಕಾದ್ದು ಮೊದಲ ಕ್ಷಣದ ಮೇಲೆ. ಒಳ್ಳೇ ರೀಲಾದ್ರೆ ಅಂಕೆ 2ಕ್ಕೆ ಏರಿ ಅಲ್ಲೇ ನಿಲ್ಲುತ್ತೆ, ದಾರ ಒಂದೇ ಸಮ ಹರಿಯುತ್ತೆ. ಕೆಟ್ಟ ರೀಲಾದ್ರೆ 4ಕ್ಕೆ ಹಾರಿ, ಟಕ್ ಅಂತ ಬಿಟ್ಟು, 1ಕ್ಕೆ ಬಿದ್ದು, ಮತ್ತೆ ಹಿಡಿಯುತ್ತೆ. ದೊಡ್ಡ ಗೆಂಡೆ ಮೊದಲ ಸಲ ಓಡೋವಾಗ ದಾರ ಕೀಳೋದು ಆ ಹಾರಿಕೆಯಲ್ಲಿ. ಎರಡೂವರೆಯಿಂದ ಮೂರೂವರೆ ಸಾವಿರದ ಒಳಗೆ ಶಿಮಾನೋ, ಡೈವಾದವರ ಕೆಳದರ್ಜೆಯ ರೀಲುಗಳೇ ಈ ಪರೀಕ್ಷೆ ಪಾಸಾಗುತ್ವೆ. ಪೆಟ್ಟಿಗೆ ಮೇಲೆ "12+1 ಬೇರಿಂಗ್" ಅಂತ ಬರೆದಿರೋದನ್ನ ನೋಡಿ ಮರುಳಾಗಬೇಡಿ. ಮುಚ್ಚಳ ಇರೋ ಒಳ್ಳೇ ಬೇರಿಂಗ್ ಮೂರಿದ್ರೆ ಸಾಕು. ಮುಚ್ಚಳ ಇಲ್ಲದ ಹನ್ನೆರಡು ಇದ್ರೆ ಧೂಳು ಹೋಗೋಕೆ ಹನ್ನೆರಡು ಬಾಗಿಲು.

ಕೆರೆಗೆ 0.35 ಮಿ.ಮೀ. ಒಂಟಿ ಎಳೆ ತಂಗೂಸು ಹಾಕಿ, ಹೆಣೆದ ದಾರ ಬೇಡ. ಒಂಟಿ ಎಳೆ ಹಿಗ್ಗುತ್ತೆ, ಮೀನು ತಲೆ ಒದರಿದಾಗ ಆ ಹಿಗ್ಗು ಕೊಕ್ಕೆಯನ್ನ ಬಾಯಲ್ಲಿ ಉಳಿಸುತ್ತೆ. ಗೆಂಡೆಯ ತುಟಿ ಮೆತ್ತಗಿರುತ್ತೆ, ಹಿಗ್ಗದ ದಾರದಲ್ಲಿ ಹರಿದುಹೋಗುತ್ತೆ. ತಂಗೂಸು ಬಿಸಿಲಿಗೆ ಸಾಯುತ್ತೆ, ಹಾಗಾಗಿ ವರ್ಷಕ್ಕೊಮ್ಮೆ ಬದಲಿಸಿ. ಗಂಟು ಬಿಗಿಯೋಕೆ ಮುಂಚೆ ಎಂಜಲು ಹಚ್ಚಿ ಒದ್ದೆ ಮಾಡಿ, ಒಣ ಗಂಟು ಎಳೆದಾಗ ಹುಟ್ಟೋ ಬಿಸಿಗೇ ದಾರದ ಬಲ ಕುಗ್ಗುತ್ತೆ.

ಉಳಿದ ದುಡ್ಡಿಗಿಂತ ಹೆಚ್ಚು ಕೆಲಸ ಮಾಡೋದು ಎರೆ. ರಾಗಿ ಹಿಟ್ಟಿಗೆ ಕಾಲು ಭಾಗ ಕಡಲೆಕಾಯಿ ಹಿಂಡಿ ಪುಡಿ ಸೇರಿಸಿ, ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ, ಕುದಿಯೋ ನೀರಲ್ಲಿ 20–25 ನಿಮಿಷ ಬೇಯಿಸಿ. ತೆಗೆದು ಬಿಸಿ ಇರೋವಾಗ್ಲೇ ಮತ್ತೆ ನಾದಿ. ರಬ್ಬರಿನಂತಾಗಬೇಕು. ಬೇಯಿಸದ ಹಿಟ್ಟು ನೀರಿಗೆ ಬಿದ್ದ ಕೆಲವೇ ನಿಮಿಷಕ್ಕೆ ಕರಗುತ್ತೆ, ನೀವು ಬರೀ ಕೊಕ್ಕೆ ಇಟ್ಕೊಂಡು ಕೂತಿರ್ತೀರಿ. ಇದು ರೋಹು, ಗೆಂಡೆಗೆ. ಕಾಟ್ಲಾ ಮೇಲ್‌ನೀರಲ್ಲಿ ಸೋಸಿ ತಿನ್ನೋ ಮೀನು, ಅದಕ್ಕೆ ಉಲ್ಟಾ: ಅಕ್ಕಿ ತೌಡು ಹೆಚ್ಚು ಹಾಕಿ ಸಡಿಲವಾಗಿ ಕಲಸಿದ, ನೀರಲ್ಲಿ ಮೋಡದ ಹಾಗೆ ಹರಡೋ ಎರೆ, ಬೆಂಡು ಕಟ್ಟಿ ಮೇಲೆ ತೇಲಿಸಿ.

ಪಂಚಗಂಗಾವಳಿ

ಬೆಂಡು ಅವರು ಹೇಳಿದ್ದು ಕೆರೆಗೆ ಸರಿ. ಆದರೆ ಮೂರು ಸಾವಿರದ ರೀಲು ಹಿಡಿದುಕೊಂಡು ಗಂಗೊಳ್ಳಿ ಅಳಿವೆಗೆ ಬಂದರೆ ಆಗುವುದಿಲ್ಲ ಮಾರಾಯ್ರೆ, ಅಲ್ಲಿ ಲೆಕ್ಕವೇ ಬೇರೆ.

ಉಪ್ಪುನೀರಿನಲ್ಲಿ ರೀಲು ಸಾಯುವುದು ಮೀನಿನ ಭಾರಕ್ಕಲ್ಲ, ಮನೆಗೆ ಹೋದ ಮೇಲೆ. ನೀರು ಒಣಗುತ್ತದೆ, ಉಪ್ಪು ಹರಳಾಗಿ ಒಳಗೆ ಉಳಿಯುತ್ತದೆ. ಮೊದಲು ಹೋಗುವುದು ದಾರ ಹಾಯುವ ಪುಟ್ಟ ಉರುಳೆಯ ಬೇರಿಂಗ್. ಅದು ತಿರುಗದೆ ನಿಂತದ್ದು ಗೊತ್ತೇ ಆಗುವುದಿಲ್ಲ, ದಾರ ಅದರ ಮೇಲೆ ಉಜ್ಜಿ ಉಜ್ಜಿ ನವಿರು ಏಳುತ್ತದೆ. ಅದರ ನಂತರ ದಾರದ ಕಮಾನಿನ ಸ್ಪ್ರಿಂಗು, ಆಮೇಲೆ ಹಿಮ್ಮುಖ ತಿರುಗದಂತೆ ತಡೆಯುವ ರೋಲರ್. ಈ ಕೊನೆಯದ್ದಕ್ಕೆ ದಪ್ಪ ಗ್ರೀಸ್ ತುಂಬಿದರೂ ಕೆಟ್ಟಿತು: ರೋಲರ್ ಕಚ್ಚಿಕೊಳ್ಳದೆ ಜಾರಿ, ಮೀನು ಎಳೆದಾಗ ಹಿಡಿಕೆ ಗಿರ್ರನೆ ಹಿಂದೆ ತಿರುಗಿ ಬೆರಳಿನ ಗೆಣ್ಣಿಗೆ ಹೊಡೆಯುತ್ತದೆ. ಅಲ್ಲಿಗೆ ಒಂದು ತೊಟ್ಟು ತೆಳು ಎಣ್ಣೆ ಮಾತ್ರ.

ಹಾಗಾಗಿ ಉಪ್ಪುನೀರಿನಲ್ಲಿ ಹೆಚ್ಚು ಹಣ ಕೊಟ್ಟರೆ ನಿಮಗೆ ಸಿಗುವುದು ರಬ್ಬರ್ ಸೀಲು, ಲೋಹದ ಮೈ, ಕಾರ್ಬನ್ ಡ್ರ್ಯಾಗ್ ಬಿಲ್ಲೆ. ಲೋಹದ ಮೈ ಯಾಕೆ ಬೇಕೆಂದರೆ ಅಳಿವೆಯ ಕೆಂಬೇರಿ ಮೀನಿಗಾಗಿ. ಕಚ್ಚಿದ ಮರುಕ್ಷಣ ಅದು ಓಡುವುದು ಆಳಕ್ಕಲ್ಲ, ಕಲ್ಲಿನ ಸಂದಿಗೆ, ಸೇತುವೆಯ ಕಂಬದ ಬುಡಕ್ಕೆ. ಮೊದಲ ಎರಡು ಮೀಟರಿನಲ್ಲಿ ತಡೆಯದಿದ್ದರೆ ಅದು ನಿಮ್ಮದಲ್ಲ. ಅಲ್ಲಿ ಡ್ರ್ಯಾಗನ್ನು ಐದಾರು ಕೆ.ಜಿ.ಗೆ ಬಿಗಿಯಬೇಕು. ಆ ಬಿಗಿಗೆ ಪ್ಲಾಸ್ಟಿಕ್ ಮೈ ಬಾಗುತ್ತದೆ, ಒಳಗಿನ ಹಲ್ಲುಗಳು ಒಂದಕ್ಕೊಂದು ಸರಿ ಕೂರುವುದಿಲ್ಲ, ಹಿಡಿಕೆ ತಿರುಗಿಸಲು ನೋಡಿದರೆ ಕಟಕಟ ಸದ್ದು. ಎರಡು ಮೂರು ಕೆಂಬೇರಿಗೆ ಹಲ್ಲು ಸವೆದು ರೀಲು ಮುಗಿಯಿತು.

ದಾರದಲ್ಲೂ ಇಲ್ಲಿ ನನ್ನದು ಬೇರೆ ಮಾತು. ಪಿಇ 2 (ಪಿಇ ಎಂದರೆ ಹೆಣೆದ ದಾರದ ದಪ್ಪದ ನಂಬರು) ಹೆಣೆದ ದಾರ 0.235 ಮಿ.ಮೀ. ದಪ್ಪ, ಅಷ್ಟೇ ದಪ್ಪದ ಒಂಟಿ ಎಳೆಯ ಎರಡು ಪಟ್ಟಿಗಿಂತ ಹೆಚ್ಚು ಬಲ, ಹಿಗ್ಗುವುದೇ ಇಲ್ಲ ಎನ್ನಬಹುದು. ಕಲ್ಲಿನಿಂದ ಮೀನು ತಿರುಗಿಸಲು ಅದೇ ಬೇಕು. ಆದರೆ ಚಿಪ್ಪಿಗೆ, ಬಂಡೆಗೆ ಸೋಕಿದರೆ ಹೆಣೆದ ದಾರ ನೂಲಿನಂತೆ ಕತ್ತರಿಸುತ್ತದೆ, ಹಾಗಾಗಿ ತುದಿಗೆ ಒಂದೂವರೆ ಮೀಟರ್ 0.60 ಮಿ.ಮೀ. ತಂಗೂಸು ಕಟ್ಟಲೇಬೇಕು. ಹೆಣೆದ ದಾರವನ್ನು ಬರಿಯ ಸ್ಪೂಲಿನ ಮೇಲೆ ನೇರ ಸುತ್ತಬೇಡಿ. ನುಣುಪು ಲೋಹದ ಮೇಲೆ ಇಡೀ ಸುರುಳಿಯೇ ಜಾರಿ ತಿರುಗುತ್ತದೆ, ಡ್ರ್ಯಾಗ್ ಕೆಟ್ಟಿದೆ ಎಂದು ನೀವು ರೀಲು ಬಿಚ್ಚುತ್ತೀರಿ. ಮೊದಲು ಎಂಟು ಹತ್ತು ಸುತ್ತು ತಂಗೂಸು, ಅದಕ್ಕೆ ಕಟ್ಟಿ ಹೆಣೆದ ದಾರ, ಸ್ಪೂಲಿನ ಅಂಚಿಗೆ 2 ಮಿ.ಮೀ. ಕಡಿಮೆ ಇರುವಾಗ ನಿಲ್ಲಿಸಿ. ಅಂಚಿನವರೆಗೆ ತುಂಬಿದರೆ ಎಸೆಯುವಾಗ ಗುಪ್ಪೆಗುಪ್ಪೆಯಾಗಿ ಹಾರಿ ಗೋಜಲು.

ವರ್ಷಕ್ಕೆ ಎರಡು ಮೂರು ಸಲ ಬರುವವರಿಗೆ 14 ಸಾವಿರದ್ದು ನಾನೂ ಹೇಳುವುದಿಲ್ಲ. ಐದಾರು ಸಾವಿರದ, ಗಾತ್ರದ ನಂಬರು 4000 ಇರುವ, ಲೋಹದ ಮೈ ಇರುವ ಒಂದು ರೀಲು ಕೆರೆಗೂ ಅಳಿವೆಗೂ ಆಗುತ್ತದೆ. ಎರಡನೇ ಸ್ಪೂಲ್ ಒಂದು ತೆಗೆದುಕೊಳ್ಳಿ, ಒಂದರಲ್ಲಿ ತಂಗೂಸು, ಇನ್ನೊಂದರಲ್ಲಿ ಹೆಣೆದದ್ದು. ಮನೆಗೆ ಬಂದ ಕೂಡಲೇ ಡ್ರ್ಯಾಗನ್ನು ಪೂರ್ತಿ ಬಿಗಿಮಾಡಿ, ನೀರು ಒಳಗೆ ಹೋಗದಿರಲು. ಸಿಹಿನೀರನ್ನು ಹೂವಿನ ಗಿಡಕ್ಕೆ ಚಿಮುಕಿಸಿದಂತೆ ಚಿಮುಕಿಸಿ. ನಲ್ಲಿಯ ರಭಸಕ್ಕೆ ಹಿಡಿದರೆ ಉಪ್ಪನ್ನು ಒಳಗೇ ತಳ್ಳಿದಂತೆ, ಬಕೆಟ್ಟಿನಲ್ಲಿ ಮುಳುಗಿಸಿದರೆ ಅದಕ್ಕಿಂತ ಕೆಟ್ಟದ್ದು. ನೆರಳಲ್ಲಿ ಒಣಗಿಸಿ, ನಂತರ ಡ್ರ್ಯಾಗ್ ಪೂರ್ತಿ ಸಡಿಲ ಬಿಡಿ, ಇಲ್ಲದಿದ್ದರೆ ಬಿಲ್ಲೆಗಳು ಒತ್ತಿ ಚಪ್ಪಟೆಯಾಗಿ ಮುಂದಿನ ಸಲ ಹಾರಿಕೆ ಶುರು.

ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ನಿಷೇಧ ಯಾಂತ್ರೀಕೃತ ದೋಣಿಗಳಿಗೆ, ದಡದ ಗಾಳಕ್ಕಲ್ಲ. ಆದರೂ ಆ ದಿನಗಳಲ್ಲಿ ಅಳಿವೆ ಬಾಗಿಲಿನ ಬಂಡೆಗಳ ಮೇಲೆ ನಿಲ್ಲಬೇಡಿ. ತೆರೆ ಹೇಳಿ ಬರುವುದಿಲ್ಲ.

ಹಸಿರುಕಪ್ಪೆ

ಕೊರವದ ಬಗ್ಗೆ ಯಾರೂ ಹೇಳಿಲ್ಲ, ಕೋಲಿಗೆ ಹೆಚ್ಚು ದುಡ್ಡು ಕೊಟ್ರೆ ನಿಜವಾಗಿ ಉಪಯೋಗಕ್ಕೆ ಬರೋದು ಇದೊಂದಕ್ಕೇ.

ಎರೆ ಹಾಕಿ ಕೂರೋರಿಗೆ ಕೋಲಿನ ತೂಕ ಲೆಕ್ಕಕ್ಕಿಲ್ಲ, ಅದು ಕವೆಗೋಲಿನ ಮೇಲೆ ಮಲಗಿರುತ್ತೆ. ಕೊರವಕ್ಕೆ ಕೊಕ್ಕೆಯಿರೋ ರಬ್ಬರ್ ಕಪ್ಪೆ ಎಸೆಯೋದು ಹಾಗಲ್ಲ. ಒಂದು ಬೆಳಿಗ್ಗೆಗೆ ಇನ್ನೂರು ಮುನ್ನೂರು ಸಲ ಎಸೀಬೇಕು. 350 ಗ್ರಾಂ ರೀಲು, ದಪ್ಪ ಫೈಬರ್ ಕೋಲು ಹಿಡಿದ್ರೆ ಒಂದು ಗಂಟೆಗೆ ಮಣಿಕಟ್ಟು ಸೋಲುತ್ತೆ, ಸೋತ ಕೈ ಗುರಿ ತಪ್ಪುತ್ತೆ. ಕೊರವ ಇರೋದು ತಾವರೆ ಎಲೆಗಳ ನಡುವಿನ ತಟ್ಟೆಯಷ್ಟಗಲದ ಸಂದಿಯಲ್ಲಿ. ಅಂಗಡಿಯಲ್ಲಿ ರೀಲು ಕೂರಿಸಿ, ಹಿಡಿಕೆಯ ಸ್ವಲ್ಪ ಮುಂದೆ ಕೋಲನ್ನ ಒಂದು ಬೆರಳ ಮೇಲೆ ಇಟ್ಟು ನೋಡಿ. ಸಮತೂಕ ನಿಂತ್ರೆ ಸರಿ. ತುದಿ ಕೆಳಗೆ ವಾಲಿದ್ರೆ ಎಷ್ಟೇ ದುಬಾರಿ ಆಗಿರಲಿ ಬೇಡ. ಮೂರರಿಂದ ನಾಲ್ಕು ಸಾವಿರದ ಕಾರ್ಬನ್ ಕೋಲು, ಆರೂವರೆಯಿಂದ 7 ಅಡಿ, ಎರಡು ತುಂಡಿನದು ಸಾಕು. ಅದರ ಮೇಲೆ ಕೊಡೋ ದುಡ್ಡು ಕೆಲವು ಗ್ರಾಂ ಇಳಿಸೋಕೆ ಮಾತ್ರ. ಒಂದರೊಳಗೊಂದು ಸೇರೋ ಕೋಲನ್ನ ಇದಕ್ಕೆ ಬಳಸಬೇಡಿ, ಕೀಲುಗಳಲ್ಲಿ ಮರಳು ಕೂತು ಉಜ್ಜಿ, ಜೋರಾಗಿ ಎಳೆದಾಗ ಕೀಲಲ್ಲೇ ಸೀಳುತ್ತೆ.

ಕಾರ್ಬನ್ ಗಟ್ಟಿ, ಆದ್ರೆ ಗಾಜಿನ ಸ್ವಭಾವ. ಮೀನು ಕಾಲಡಿಗೆ ಬಂದಾಗ ಕೋಲನ್ನ ನೆಟ್ಟಗೆ ಮೇಲೆತ್ತಿ ಹಿಂದಕ್ಕೆ ಬಾಗಿಸಿದ್ರೆ ಭಾರವೆಲ್ಲ ತುದಿಯ ಒಂದಡಿಗೆ ಬಿದ್ದು ಪಟಕ್ಕನೆ ಮುರಿಯುತ್ತೆ. ಕೋಲನ್ನ ಅಡ್ಡಕ್ಕೆ ಹಿಡಿದು ಮೀನನ್ನ ಬಲೆಗೆ ತನ್ನಿ. ಇನ್ನೊಂದು ಜೀವದ ವಿಷಯ: ಕಾರ್ಬನ್‌ನಲ್ಲಿ ಕರೆಂಟು ಹರಿಯುತ್ತೆ. ಕೆರೆ ಏರಿ ಮೇಲೆ ಪಂಪ್‌ಸೆಟ್ ಲೈನು ಹಾದು ಹೋಗಿರೋ ಕಡೆ, ಗುಡುಗು ಮಿಂಚಿನ ಹೊತ್ತು, ಎತ್ತಲೇಬೇಡಿ.

ಕಪ್ಪೆಗಳಲ್ಲಿ ನೂರರದ್ದೂ ಐನೂರರದ್ದೂ ನೀರಲ್ಲಿ ಒಂದೇ ಥರ ಓಡುತ್ವೆ. ವ್ಯತ್ಯಾಸ ಕೊಕ್ಕೆಯಲ್ಲಿ. ಅಗ್ಗದ್ದರ ಜೋಡಿ ಕೊಕ್ಕೆಯನ್ನ ಇಕ್ಕಳದಲ್ಲಿ ಹಿಡಿದು ಬಿಡಿಸಿ ನೋಡಿ, ಸುಲಭಕ್ಕೆ ತೆರೆದುಕೊಂಡ್ರೆ ಮೀನೂ ತೆರೆಯುತ್ತೆ. ಒಳ್ಳೇ ಜೋಡಿ ಕೊಕ್ಕೆ ಬೇರೆ ತಗೊಂಡು ಅಗ್ಗದ ಕಪ್ಪೆಗೆ ಹಾಕಿಕೊಳ್ಳಿ, ಹೊಟ್ಟೆಗೆ ನೀರು ಹೋಗೋದಾದ್ರೆ ಮೂಗಿನ ತೂತಿನ ಸುತ್ತ ಒಂದು ತೊಟ್ಟು ಫೆವಿಕ್ವಿಕ್. ಇಲ್ಲಿ ಮಾತ್ರ ಹೆಣೆದ ದಾರ ಪಿಇ 3, ಡ್ರ್ಯಾಗ್ ಬಿಗಿ, ಗಿಡದ ಬೇರುಗಳಿಂದ ಎಳೆದು ತರಬೇಕಲ್ಲ. ಮೀನು ಹಾರಿ ಹೊಡೆದ ಕೂಡಲೇ ಎಳೀಬೇಡಿ. ಒಂದು, ಎರಡು ಎಣಿಸಿ, ದಾರ ಬಿಗಿಯಾದ ಮೇಲೆ ಎಳೀರಿ. ಮೊದಲೇ ಎಳೆದ್ರೆ ಕಪ್ಪೆ ಬಾಯಿಂದ ಹಾರಿ ನಿಮ್ಮ ಮುಖಕ್ಕೇ ಬರುತ್ತೆ. ಕಣ್ಣಿಗೆ ಕನ್ನಡಕ ಇರಲಿ.

ಮಳೆಗಾಲದಲ್ಲಿ ನೀರ ಮೇಲೆ ಕೆಂಪು ಮರಿಗಳ ಗುಂಪು ಗುಳುಗುಳು ಅಂತ ಸಾಗ್ತಿದ್ರೆ ಕೆಳಗೆ ಅಪ್ಪ ಅಮ್ಮ ಕಾವಲಿರುತ್ವೆ. ಅಲ್ಲಿ ಕಪ್ಪೆ ಎಸೆದ್ರೆ ಖಂಡಿತ ಹೊಡೆಯುತ್ವೆ, ಹಸಿವಿಗಲ್ಲ, ಮರಿ ಉಳಿಸೋಕೆ. ಅವನ್ನ ಹಿಡಿದ್ರೆ ಇಡೀ ಗುಂಪು ಬೇರೆ ಮೀನಿನ ಪಾಲು. ದಯವಿಟ್ಟು ಬಿಟ್ಟುಬಿಡಿ.

ಕೆರೆಏರಿ_ಮಂಡ್ಯ

ಹತ್ತಿ ಹಾಕಿ ನೋಡಿದೆ. ತುದಿಯಿಂದ ಎರಡನೇ ಉಂಗುರದಲ್ಲಿ ಎಳೆ ಸಿಕ್ಕಿಕೊಳ್ತು, ಒಳಗಿನ ಬಳೆ ಅರ್ಧ ಎದ್ದಿದೆ. ಒಟ್ಟು 10 ಸಾವಿರ ಅಂತ ಇಟ್ಕೊಂಡ್ರೆ ಹೇಗೆ ಹಂಚಲಿ? ಏರ್‌ಗನ್ ವಿಷಯಕ್ಕೂ ಯಾರಾದ್ರೂ ಹೇಳಿ.

ಕಾಡಂಚಿನ_ಮನೆ

ಏರ್‌ಗನ್‌ಗೆ ಒಂದು ರೂಪಾಯಿಯೂ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮೊಲ, ಕಾಡುಕೋಳಿ ಎರಡರ ಬೇಟೆಯೂ ಅಪರಾಧ. ಬೇಟೆಗೆ ಬಳಸಿದ ಬಂದೂಕು, ವಾಹನ ಎಲ್ಲಾ ಜಪ್ತಿಯಾಗುತ್ತವೆ, ಜೈಲೂ ಇದೆ. ಲೈಸೆನ್ಸ್ ಬೇಡದ ಏರ್‌ಗನ್ ಅಂದರೆ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ ಅಂತ, ಪ್ರಾಣಿಗೆ ಹೊಡೆಯಬಹುದು ಅಂತಲ್ಲ. ಕೊಡಗಿನಲ್ಲಿ ಕೊಡವರಿಗೆ ಕೋವಿಗೆ ವಿನಾಯಿತಿ ಇದೆ, ಬೇಟೆಗೆ ಅಲ್ಲಿಯೂ ಇಲ್ಲ. ಹಂದಿಗೆಂದು ಬೇಲಿಗೆ ಉರುಳು ಕಟ್ಟುವುದೂ ಹಾಗೆಯೇ, ಆ ತಂತಿಯಲ್ಲಿ ಚಿರತೆಗಳೂ ಸಿಕ್ಕಿ ಸಾಯುತ್ತವೆ. ಆ ಹುಡುಗನಿಗೆ ಕಾಡಿನ ಆಸೆ ಇದ್ದರೆ ಅದೇ ದುಡ್ಡಿಗೆ 8x42 ಬೈನಾಕ್ಯುಲರ್ ಕೊಡಿಸಿ. 8 ಅಂದರೆ ಎಂಟು ಪಟ್ಟು ಹತ್ತಿರ, 42 ಅಂದರೆ ಮುಂದಿನ ಗಾಜಿನ ಅಗಲ ಮಿ.ಮೀ.ನಲ್ಲಿ. ಅಗಲ ಹೆಚ್ಚಿದ್ದರೆ ಮುಂಜಾವಿನ ಮಬ್ಬಿನಲ್ಲೂ ಕಾಣುತ್ತದೆ. 20 ಪಟ್ಟು, 30 ಪಟ್ಟು ಅಂತ ಮಾರುವವು ಕೈಯಲ್ಲಿ ಹಿಡಿದರೆ ನಡುಗಿ ಏನೂ ಕಾಣುವುದಿಲ್ಲ.

ಗಾಳದವರಿಗೂ ಒಂದು ಮಾತು. ಕಾವೇರಿ ವನ್ಯಜೀವಿ ಧಾಮದೊಳಗೆ, ಭೀಮೇಶ್ವರಿ, ಗಾಳಿಬೋರೆ ಕಡೆ, ಕೋಲು ಹಿಡಿದು ಇಳಿಯಬೇಡಿ. ಮೊದಲು ಅಲ್ಲಿ ಹಿಡಿದು ಬಿಡುವ ಗಾಳದ ಶಿಬಿರಗಳಿದ್ದವು, ಅವು ನಿಂತು ಹತ್ತು ವರ್ಷದ ಮೇಲಾಯಿತು. ಅಲ್ಲಿಯ ಬೆನ್ನುಬ್ಬಿದ ಮಹಶೀರ್ ಕಾವೇರಿ ಕೊಳ್ಳ ಬಿಟ್ಟು ಇನ್ನೆಲ್ಲೂ ಇಲ್ಲ, 2018ರಲ್ಲಿ ಅದು ಅಳಿವಿನ ತೀರಾ ಅಂಚಿನಲ್ಲಿರುವ ಜೀವಿಗಳ ಕೆಂಪುಪಟ್ಟಿಗೆ ಸೇರಿತು. 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಸಿಕ್ಕ ಮಹಶೀರ್ 120 ಪೌಂಡ್, ಅಂದರೆ 54 ಕೆ.ಜಿ. ತೂಗಿತ್ತು. ಬೇರೆಡೆ ಅನುಮತಿಯಿರುವ ನೀರಿನಲ್ಲಿ ಅಕಸ್ಮಾತ್ ಮಹಶೀರ್ ಕಚ್ಚಿದರೆ, ನೀರಿನಿಂದ ಮೇಲೆತ್ತದೆ, ಒದ್ದೆ ಕೈಯಲ್ಲಿ ಹಿಡಿದು ಕೊಕ್ಕೆ ಬಿಡಿಸಿ ಬಿಡಿ. ಕೊಕ್ಕೆಯ ಮುಳ್ಳನ್ನು ಮೊದಲೇ ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಿಟ್ಟಿದ್ದರೆ ಒಂದು ತಿರುವಿಗೆ ಬಿಡುತ್ತದೆ.

ಬೆಂಡು_ಮುಳುಗ್ತು

10 ಸಾವಿರ ಅಂದ್ರೆ ಆರಾಮಾಗಿ ಆಗುತ್ತೆ. ಪಂಚಗಂಗಾವಳಿ ಅವರ ಮಾತು ಒಪ್ಪಿದೆ, ಅಳಿವೆಗೂ ಹೋಗೋದಾದ್ರೆ ರೀಲಿಗೆ 5,000 ಇಡಿ. ಕೋಲಿಗೆ 3,000. ಪಿಇ 2 ಹೆಣೆದ ದಾರ 150 ಮೀಟರ್, 0.35 ಮತ್ತು 0.60 ತಂಗೂಸು ಒಂದೊಂದು ಉಂಡೆ, ಇಷ್ಟಕ್ಕೆ 1,200. ಕೊಕ್ಕೆ, ಸೀಸದ ಗುಂಡು, ಬೆಂಡು 500. ಉಳಿದ 300ಕ್ಕೆ ಉದ್ದಮೂತಿಯ ಇಕ್ಕಳ. ಎರಡನೇ ಸ್ಪೂಲ್ ರೀಲಿನ ಜೊತೆಗೇ ಬರೋದನ್ನ ಹುಡುಕಿ. ಕೊರವಕ್ಕೂ ಸದ್ಯ ಪಿಇ 2 ಸಾಕು, ಗಿಡ ತೀರಾ ದಟ್ಟ ಇರೋ ಕಡೆ ಎಸೀಬೇಡಿ ಅಷ್ಟೇ.

ಹಳೇ ಕೋಲು ಎಸೆಯೋದು ಬೇಡ. ಆ ಉಂಗುರದ ಮೇಲೆ ಲೈಟರ್ ಜ್ವಾಲೆ ನೇರ ಹಿಡೀಬೇಡಿ, ಫೈಬರ್ ಸುಡುತ್ತೆ. ಬ್ಲೇಡಲ್ಲಿ ನೂಲಿನ ಸುತ್ತನ್ನ ಉಂಗುರದ ಪಾದದ ಮೇಲೇ ಕೊಯ್ದು ಬಿಡಿಸಿ, ಅದೇ ಗಾತ್ರದ ಉಂಗುರ ಇಟ್ಟು, ದಪ್ಪ ನೈಲಾನ್ ನೂಲನ್ನ ಒತ್ತೊತ್ತಾಗಿ ಸುತ್ತಿ, ಎರಡು ಕೊಳವೆಯಲ್ಲಿ ಬರೋ ಅರಾಲ್ಡೈಟ್ ತೆಳುವಾಗಿ ಸವರಿ. ಗಟ್ಟಿಯಾಗೋವರೆಗೆ ಕೋಲನ್ನ ಅಡ್ಡ ಮಲಗಿಸಿ ಹತ್ತು ನಿಮಿಷಕ್ಕೊಮ್ಮೆ ಅರ್ಧ ಸುತ್ತು ತಿರುಗಿಸ್ತಾ ಇರಿ, ಇಲ್ಲಾಂದ್ರೆ ಅಂಟೆಲ್ಲ ಒಂದೇ ಕಡೆ ಇಳಿದು ತೊಟ್ಟಾಗುತ್ತೆ. ಅಂಟು ಹಚ್ಚೋಕೆ ಮುಂಚೆ ಕೋಲಿನ ಬುಡದಿಂದ ಒಂದು ಕಣ್ಣಲ್ಲಿ ನೋಡಿ ಎಲ್ಲಾ ಉಂಗುರಗಳೂ ಒಂದೇ ಸಾಲಿನಲ್ಲಿವೆಯಾ ಅಂತ ಖಾತ್ರಿ ಮಾಡ್ಕೊಳ್ಳಿ.

ಪಂಚಗಂಗಾವಳಿ

ಒಂದೇ ಸೇರಿಸುವುದು. ಆ 14 ಸಾವಿರದ ರೀಲೇ ಯಾರಾದರೂ ಬಳಸಿದ್ದನ್ನು 5 ಸಾವಿರಕ್ಕೆ ಕೊಡುತ್ತೇನೆ ಎಂದರೆ, ದಾರ ಹಾಯುವ ಉರುಳೆಯನ್ನು ಮೊದಲು ಬೆರಳಲ್ಲಿ ತಿರುಗಿಸಿ ನೋಡಿ. ಆಮೇಲೆ ಸ್ಪೂಲ್ ತೆಗೆದು ಕೆಳಗಿನ ಕಡ್ಡಿಯ ಮೇಲೆ ಬಿಳಿ ಪುಡಿ ಇದೆಯಾ ನೋಡಿ, ಇದ್ದರೆ ಉಪ್ಪು ಒಳಗೆ ಹೋಗಿದೆ. ಹಿಡಿಕೆಯನ್ನು ಗಡಿಯಾರದ ಮುಳ್ಳಿನಷ್ಟು ನಿಧಾನ ತಿರುಗಿಸಿ, ಮೈಯನ್ನು ಕಿವಿಗೆ ಒತ್ತಿ ಹಿಡಿಯಿರಿ. ಬೇಗ ತಿರುಗಿಸಿದರೆ ಎಲ್ಲಾ ರೀಲೂ ನುಣುಪು. ನಿಧಾನಕ್ಕೆ ತಿರುಗಿಸುವಾಗ ಮರಳು ಅರೆದಂತೆ ಕೇಳಿದರೆ ಬೇರಿಂಗ್ ಹೋಗಿದೆ, ಅದನ್ನು ಬದಲಿಸಬಹುದು. ಪ್ರತಿ ಸುತ್ತಿಗೆ ಒಂದೇ ಜಾಗದಲ್ಲಿ ಟಕ್ ಎಂದರೆ ಹಲ್ಲು ಹೋಗಿದೆ, ಆ ರೀಲು ಬಿಟ್ಟುಬಿಡಿ.